ಕಡಲು ಮನೆಗೆ ಬಂತು. ಕೊಳೆ ಎಲ್ಲಿಗೆ ಹೋಯಿತು?

ಮಂಗಳೂರು: ಕಡಲ ಬದಿಯ ಊರಿನವರಿಗೆ ಕಡಲನ್ನು ಮನೆಯೊಳಗೆ ತಂದಿಟ್ಟುಕೊಳ್ಳುವ ಆಸೆ ಯಾಕೋ ಏನೋ! ಪಣಂಬೂರಿಗೋ ತಣ್ಣೀರುಬಾವಿಗೋ ಹೋಗಿ ನಿಂತರೆ ಕಣ್ಣು ತುಂಬುವಷ್ಟು ಕಡಲು ಪುಕ್ಕಟೆ ಸಿಗುತ್ತದೆ. ಆದರೂ ಚಾವಡಿಯಲ್ಲಿ ಗಾಜಿನ ತೊಟ್ಟಿ ಇಟ್ಟು, ಅದಕ್ಕೆ ಉಪ್ಪುನೀರು ತುಂಬಿ, ಕಲ್ಲು ಜೋಡಿಸಿ, ನೀಲಿ ದೀಪ ಹಚ್ಚಿ, ಕಿತ್ತಳೆ ಬಣ್ಣದ ಮೀನೆರಡನ್ನು ಆಡಲು ಬಿಟ್ಟು ಅದರೆದುರು ಕುರ್ಚಿ ಎಳೆದುಕೊಂಡು ಕೂರುವವರಿದ್ದಾರೆ. ಬಂದ ನೆಂಟರು "ಎಂತ ಚಂದ ಮಾರಾಯ್ರೆ!" ಎನ್ನುತ್ತಾರೆ. ಚಂದವೇನೋ ಹೌದು. ಆದರೆ ಆ ಚಂದದ ಹಿಂದೆ ದಿನಬೆಳಗಾದರೆ ನಡೆಯುವ ಯುದ್ಧವೊಂದಿದೆ. ಅದು ಕೊಳೆಯ ಜತೆಗಿನ ಯುದ್ಧ.

ಸಿಹಿನೀರಿನ ಗುಪ್ಪಿ, ಗೋಲ್ಡ್‌ಫಿಶ್ ಸಾಕಿದವರು "ನಮಗೆ ಇದೆಲ್ಲ ಗೊತ್ತುಂಟು" ಎಂದು ಉಪ್ಪುನೀರಿಗೆ ಇಳಿಯುತ್ತಾರೆ. ಎರಡು ತಿಂಗಳಾಗುವಷ್ಟರಲ್ಲಿ ಕಲ್ಲಿನ ಮೇಲೆ ಕಂದು ಪಾಚಿ, ಮರಳಿನಲ್ಲಿ ಕರಿ ಗೆರೆ, ನೀರಿನ ಮೇಲೆ ಎಣ್ಣೆಯಂಥ ಪೊರೆ, ಮೂಲೆಯಲ್ಲಿ ಸತ್ತ ಮೀನು. ಅಂಗಡಿಯವನನ್ನು ಬೈದು, ತೊಟ್ಟಿಯನ್ನು ಅಟ್ಟಕ್ಕೆ ಏರಿಸಿದರೆ ಕತೆ ಮುಗಿಯಿತು. ತಪ್ಪು ಅಂಗಡಿಯವನದೂ ಅಲ್ಲ, ಮೀನಿನದೂ ಅಲ್ಲ. ನೀರು ಓಡಲಿಲ್ಲ, ಕೊಳೆ ಹೊರಗೆ ಹೋಗಲಿಲ್ಲ, ಅಷ್ಟೇ.

ಮೊದಲು ಕಾನೂನು

ಹವಳವೆಂದರೆ ಬಣ್ಣದ ಕಲ್ಲಲ್ಲ, ಜೀವಿ. ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಬೀಸಣಿಗೆಯಂಥ ಸೀ ಫ್ಯಾನ್ ಇವನ್ನೆಲ್ಲ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಸಿಗುವ ರಕ್ಷಣೆಯೇ ಇವಕ್ಕೂ! ಕಡಲಕುದುರೆ, ಸಮುದ್ರಸೌತೆಗಳಿಗೂ ಕಾನೂನಿನ ರಕ್ಷಣೆ ಉಂಟು. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಮುಳುಗು ಹಾಕಿ ಹವಳ ನೋಡಿ ಬರಬಹುದು. ನೆನಪಿಗಿರಲಿ ಎಂದು ಒಂದು ತುಂಡು ಮುರಿದು ಚೀಲಕ್ಕೆ ಹಾಕಿಕೊಂಡರೆ ಅದು ಅಪರಾಧ.

ಹಾಗಾದರೆ ತೊಟ್ಟಿಯಲ್ಲಿ ಇಡುವುದೇನು? ಹ್ಯಾಚರಿಯಲ್ಲಿ ಮರಿಮಾಡಿದ ಮೀನು ಇಡಬಹುದು. ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ಕ್ಲೌನ್ ಮೀನಿನ ಮರಿಗಳನ್ನು ತೊಟ್ಟಿಯಲ್ಲೇ ಬೆಳೆಸುವ ವಿಧಾನ ಕೈಗೂಡಿ ವರ್ಷಗಳಾದವು. ಕಲ್ಲಿಗೆ ಸಿರಾಮಿಕ್ ಅಥವಾ ಸಿಮೆಂಟಿನ ಕೃತಕ ಕಲ್ಲು ಸಾಕು. ಬೇರೆ ಯಾವ ಜೀವಿಯನ್ನು ಕೊಳ್ಳುವುದಾದರೂ "ಕಾಗದಪತ್ರ ತೋರ್ಸಿ" ಎಂದು ಕೇಳಿಯೇ ದುಡ್ಡು ಎಣಿಸಬೇಕು. ನಾಚಿಕೆ ಮಾಡಿಕೊಳ್ಳುವ ವಿಷಯ ಇದಲ್ಲ.

ಕೊಳೆ ಹುಟ್ಟುವುದು ಎಲ್ಲಿ?

ಹುಟ್ಟುವುದು ನಮ್ಮ ಕೈಯಲ್ಲೇ. ಮೀನಿಗೆ ಹಾಕುವ ಆಹಾರವೇ ಕೊಳೆಯ ಮೂಲ. ತಿಂದದ್ದು ಹೇಲಾಗುತ್ತದೆ, ತಿನ್ನದೆ ಉಳಿದದ್ದು ಕಲ್ಲಿನ ಸಂದಿಯಲ್ಲಿ ಕೊಳೆಯುತ್ತದೆ. ಮೀನಿನ ಕಿವಿರಿನಿಂದಲೇ ಅಮೋನಿಯಾ ಹೊರಬೀಳುತ್ತದೆ. ಅದು ವಿಷ. ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ಅದರ ಕಾಟ ಹೆಚ್ಚು. ಸಮುದ್ರದ ನೀರಿನ ಪಿ.ಎಚ್. 8.2ರ ಆಸುಪಾಸು, ಪಿ.ಎಚ್. ಏರಿದಷ್ಟೂ, ಸೆಕೆ ಏರಿದಷ್ಟೂ ಅಮೋನಿಯಾದ ವಿಷರೂಪ ಹೆಚ್ಚುತ್ತದೆ. ನಮ್ಮ ಕರಾವಳಿಯ ಏಪ್ರಿಲ್-ಮೇ ಸೆಕೆಯಲ್ಲಿ ಕೇಳಬೇಕೆ?

ಈ ವಿಷವನ್ನು ಇಳಿಸುವ ಪುಣ್ಯಾತ್ಮರು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಕಲ್ಲಿನ ಮೇಲೆ, ಮರಳಿನ ಕಣದ ಮೇಲೆ ಅಂಟಿಕೊಂಡು ಒಂದು ತಂಡ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ತಂಡ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯದ್ದಲ್ಲ. ಹೊಸ ತೊಟ್ಟಿಯಲ್ಲಿ ಈ ತಂಡಗಳು ಬೇರೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟರೊಳಗೆ ಮೀನು ಬಿಟ್ಟವರು ಮೀನನ್ನು ಕೊಂದವರೇ. "ನೀರು ತುಂಬಿಸಿ ಎರಡು ದಿನ ಆಯ್ತಲ್ಲ, ಇನ್ನೂ ಎಂತ ಕಾಯುದು?" ಎನ್ನುವ ಅವಸರದವರಿಗೆ ಈ ಹವ್ಯಾಸ ಹೇಳಿದ್ದಲ್ಲ.

ಬ್ಯಾಕ್ಟೀರಿಯಾಗಳಿಗೂ ಉಸಿರು ಬೇಕು. ಅದಕ್ಕೇ ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ಉಜ್ಜಿ ತೊಳೆಯಬಾರದು. ನಲ್ಲಿ ನೀರಿನ ಕ್ಲೋರಿನ್ ಅವುಗಳನ್ನು ಸಾಯಿಸುತ್ತದೆ. ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಹಿಂಡಿ ಮತ್ತೆ ಹಾಕಬೇಕು. ನೀರನ್ನು ಸೋಸುವ ಬಟ್ಟೆಯ ಚೀಲದ ಲೆಕ್ಕವೇ ಬೇರೆ. ಅದನ್ನು ಎರಡು ಮೂರು ದಿನಕ್ಕೊಮ್ಮೆ ತೆಗೆದು ಒಗೆಯಲೇಬೇಕು. ಕೊಳೆ ಚೀಲದಲ್ಲಿ ಸಿಕ್ಕಿತು ಎಂದು ಖುಷಿಪಟ್ಟು ಅಲ್ಲೇ ಬಿಟ್ಟರೆ, ಅದೇ ನೀರಿನಲ್ಲಿ ಅದು ಕರಗುತ್ತಾ ಇರುತ್ತದೆ. ಕಸದ ಬುಟ್ಟಿ ತುಂಬಿದ ಮೇಲೂ ಅಡಿಗೆಮನೆಯಲ್ಲೇ ಇಟ್ಟುಕೊಂಡು "ನಮ್ಮಲ್ಲಿ ಕಸ ಇಲ್ಲ" ಎಂದಹಾಗೆ!

ನೊರೆಯ ಮಹಿಮೆ

ಮಳೆಗಾಲದಲ್ಲಿ ಉಳ್ಳಾಲದ ತೀರದಲ್ಲಿ ಅಲೆ ಬಡಿದು ಹೋದ ಮೇಲೆ ಕಂದು ಬಣ್ಣದ ನೊರೆ ದಡದಲ್ಲಿ ಉಳಿದಿರುವುದನ್ನು ಎಲ್ಲರೂ ನೋಡಿರುತ್ತಾರೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆದ್ದ ಕೊಳೆನೊರೆಯನ್ನು ಜಾಲರಿಯಲ್ಲಿ ತೆಗೆದು ಎಸೆಯುವುದನ್ನೂ ನೋಡಿರಬಹುದು. ಉಪ್ಪುನೀರಿನ ತೊಟ್ಟಿಗೆ ಕಟ್ಟುವ ಪ್ರೋಟೀನ್ ಸ್ಕಿಮ್ಮರ್ ಎಂಬ ಕೊಳವೆಯ ಕೆಲಸವೂ ಅದೇ. ಕೊಳವೆಯೊಳಗೆ ನೀರಿನ ಜತೆ ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನು ನುಗ್ಗಿಸುತ್ತಾರೆ. ಕೊಳೆಯ ಅಣುಗಳಲ್ಲಿ ಹಲವಕ್ಕೆ ಒಂದು ತುದಿ ನೀರಿಗೆ ಒಗ್ಗುತ್ತದೆ, ಇನ್ನೊಂದು ತುದಿ ಒಗ್ಗುವುದಿಲ್ಲ. ಅವು ಗುಳ್ಳೆಯ ಮೈಗೆ ಅಂಟಿಕೊಂಡು ಮೇಲೇರಿ, ನೊರೆಯಾಗಿ ಬಟ್ಟಲಿಗೆ ಬೀಳುತ್ತವೆ. ಬಟ್ಟಲಿನಲ್ಲಿ ಸೇರುವ ಕರೀ ಕಷಾಯದ ವಾಸನೆ ಹೊಳೆಬದಿಯ ಹಳೇ ಮೀನುಬುಟ್ಟಿಯನ್ನು ನಾಚಿಸೀತು.

ಇದರ ದೊಡ್ಡ ಗುಣವೆಂದರೆ, ಕೊಳೆ ಕೊಳೆತು ಅಮೋನಿಯಾ ಆಗುವುದಕ್ಕೆ ಮೊದಲೇ ಅದನ್ನು ನೀರಿನಿಂದ ಹೊರಗೆ ಹಾಕುವುದು. ಸಿಹಿನೀರಿನಲ್ಲಿ ಇಷ್ಟು ಸಣ್ಣ ಗುಳ್ಳೆ ನಿಲ್ಲುವುದಿಲ್ಲ, ಆದ್ದರಿಂದ ಅಲ್ಲಿ ಇದರ ಆಟ ನಡೆಯದು. ಬಟ್ಟಲಿನ ಕೊರಳನ್ನು ಆಗಾಗ ಒರೆಸಿ ಇಡಬೇಕು. ಅಲ್ಲಿ ಜಿಡ್ಡು ಕಟ್ಟಿದರೆ ನೊರೆ ಮೇಲೇರುವುದಿಲ್ಲ.

ಇಷ್ಟೆಲ್ಲಾ ಆದರೂ ನೈಟ್ರೇಟ್, ಫಾಸ್ಫೇಟ್ ಸ್ವಲ್ಪ ಸ್ವಲ್ಪ ಸೇರುತ್ತಲೇ ಇರುತ್ತದೆ. ಅದಕ್ಕೆ ಮದ್ದು ನೀರು ಬದಲಿಸುವುದು. ಇಲ್ಲಿ ಸಣ್ಣ ಲೆಕ್ಕವಿದೆ. ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್ ಇರುವ ತೊಟ್ಟಿಯಲ್ಲಿ ಹತ್ತರಲ್ಲಿ ಒಂದು ಪಾಲು ನೀರು ಬದಲಿಸಿದರೆ ಉಳಿಯುವುದು 45. ವಾರಕ್ಕೊಮ್ಮೆಯಂತೆ ನಾಲ್ಕು ವಾರ ಬದಲಿಸಿದರೆ ಸುಮಾರು 33ಕ್ಕೆ ಇಳಿಯುತ್ತದೆ. ಅದೂ ನಡುವೆ ಹೊಸ ಕೊಳೆ ಸೇರದಿದ್ದರೆ! ಹಾಗಾಗಿ ನೀರು ಬದಲಿಸುವ ಶ್ರಮಕ್ಕಿಂತ ಆಹಾರ ಹಾಕುವ ಕೈಯನ್ನು ಹಿಡಿಯುವುದೇ ಲಾಭ. ಫ್ರೀಜರಿನ ಸಿಗಡಿಯನ್ನು ಕರಗಿಸಿ, ಆ ರಸವನ್ನು ಚೆಲ್ಲಿ, ತೊಳೆದು ಹಾಕಿದರೆ ಫಾಸ್ಫೇಟ್ ಅಷ್ಟು ಕಡಿಮೆ ಬೀಳುತ್ತದೆ. ಹಾಗೆಂದು ಎರಡನ್ನೂ ಸೊನ್ನೆಗೆ ಇಳಿಸುವ ಹಟವೂ ಒಳ್ಳೆಯದಲ್ಲ. ಹವಳಕ್ಕೂ ಅದರೊಳಗಿನ ಪಾಚಿಗೂ ಒಂದಿಷ್ಟು ಸಾರ ಬೇಕು. ತೀರಾ ತೊಳೆದಿಟ್ಟ ನೀರಿನಲ್ಲಿ ಅವು ಬಿಳಿಚಿಕೊಳ್ಳುತ್ತವೆ.

ನೀರು ಓಡಬೇಕು, ಸುತ್ತಬೇಕು

ಮೀನಿಗೆ ಈಜಲು ಬರುತ್ತದೆ. ಹವಳಕ್ಕೆ ಬರುವುದಿಲ್ಲ. ಕೂತ ಜಾಗಕ್ಕೆ ನೀರೇ ಊಟ ತರಬೇಕು, ನೀರೇ ಉಸಿರು ತರಬೇಕು, ಅದು ಬಿಟ್ಟ ಲೋಳೆಯನ್ನೂ ನೀರೇ ತೊಳೆದು ಹೋಗಬೇಕು. ಕಡಲಿನಲ್ಲಿ ಈ ಕೆಲಸವನ್ನು ಅಲೆ ಮತ್ತು ಸೆಳೆತ ಮಾಡುತ್ತವೆ. ಮನೆಯಲ್ಲಿ ಪಂಪು ಮಾಡಬೇಕು.

ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ತುಂಬಿದರೆ ಸುಮಾರು 250 ಲೀಟರ್. ಕಲ್ಲು, ಮರಳು ಕಳೆದರೆ ನೀರು 200 ಲೀಟರ್ ಎನ್ನೋಣ. ಮೆತ್ತನೆಯ ಜೀವಿಗಳಿಗೆ ಗಂಟೆಗೆ ಇದರ ಹತ್ತರಿಂದ ಇಪ್ಪತ್ತು ಪಟ್ಟು ನೀರು ಒಳಗೊಳಗೇ ತಿರುಗಬೇಕು ಎಂಬುದು ಹವ್ಯಾಸಿಗಳ ರೂಢಿ. ಅಂದರೆ ಗಂಟೆಗೆ 2,000ದಿಂದ 4,000 ಲೀಟರ್. ಕವಲೊಡೆದ ಗಟ್ಟಿ ಹವಳಕ್ಕಾದರೆ ಇದಕ್ಕಿಂತಲೂ ಹೆಚ್ಚು. ಕೆಳಗಿನ ಸಂಪಿನಿಂದ ಮೇಲಕ್ಕೆ ನೀರೆತ್ತುವ ಪಂಪೊಂದರಿಂದಲೇ ಇಷ್ಟು ಓಟ ಬರುವುದಿಲ್ಲ. (ಸಂಪೆಂದರೆ ಅಂಗಳದ ಸಂಪಲ್ಲ, ತೊಟ್ಟಿಯ ಕೆಳಗೆ ಸ್ಕಿಮ್ಮರ್, ಸೋಸುವ ಚೀಲಗಳನ್ನು ಇಡುವ ಇನ್ನೊಂದು ಸಣ್ಣ ತೊಟ್ಟಿ.) ಆದ್ದರಿಂದ ಒಳಗಿನ ಗಾಜಿಗೆ ಅಂಟಿಸುವ ಫ್ಯಾನಿನಂಥ ಪಂಪುಗಳನ್ನು ಇಡುತ್ತಾರೆ.

ಇಲ್ಲೇ ಹೆಚ್ಚಿನವರು ಎಡವುವುದು. ಒಂದೇ ದೊಡ್ಡ ಪಂಪು ತಂದು ಒಂದೇ ದಿಕ್ಕಿಗೆ ತಿರುಗಿಸಿ ಇಟ್ಟರೆ, ಎದುರಿಗಿದ್ದ ಜೀವಿಯ ಮೈ ಸುಲಿದುಹೋಗುತ್ತದೆ, ಮರಳು ಹಾರಿ ಗುಂಡಿ ಬೀಳುತ್ತದೆ, ಕಲ್ಲಿನ ಹಿಂದೆ ಮಾತ್ರ ನೀರು ಅಲುಗುವುದೇ ಇಲ್ಲ. ಆ ಅಲುಗದ ಮೂಲೆಯಲ್ಲೇ ಕೊಳೆ ಕೂರುವುದು. ಅದರ ಬದಲು ಎರಡು ಸಣ್ಣ ಪಂಪುಗಳನ್ನು ಎರಡು ಬದಿಗೆ ಇಟ್ಟು, ಸರದಿಯಂತೆ ನಡೆಸಿದರೆ ಒಂದರ ಓಟ ಇನ್ನೊಂದಕ್ಕೆ ಬಡಿದು ನೀರು ಸುಳಿಯುತ್ತದೆ. ಕಡಲಿನ ಅಲೆಯೂ ಹೋಗಿ ಬರುವಂಥದೇ. ಕಲ್ಲನ್ನು ಗೋಡೆಯ ಹಾಗೆ ಹಿಂದಿನ ಗಾಜಿಗೆ ಒತ್ತಿ ಪೇರಿಸಬಾರದು. ಹಿಂದೆ ನಾಲ್ಕು ಬೆರಳು ಜಾಗ, ನಡುವೆ ಕಿಂಡಿ ಬಿಡಬೇಕು. ಪಂಪು ಮೇಲ್ಮೈಯನ್ನು ಸ್ವಲ್ಪ ಕಲಕುತ್ತಿದ್ದರೆ ಎಣ್ಣೆಪೊರೆ ಒಡೆದು ಗಾಳಿಯೂ ಸೇರುತ್ತದೆ.

ವಾರಕ್ಕೊಮ್ಮೆ ಕಲ್ಲಿನ ಸಂದಿಗೆ ಪಿಚಕಾರಿಯಲ್ಲಿ ನೀರು ಊದಿ ಕೂತ ಕೊಳೆಯನ್ನು ಎಬ್ಬಿಸಬೇಕು. ಎಬ್ಬಿಸಿದ್ದನ್ನು ಪಂಪು ಸೋಸುವ ಚೀಲಕ್ಕೆ ಒಯ್ಯುತ್ತದೆ. ಮರಳನ್ನು ಪೈಪಿನಿಂದ ಎಳೆಯುವಾಗ ಮಾತ್ರ ಒಂದು ವಾರ ಒಂದು ಮೂಲೆ, ಮುಂದಿನ ವಾರ ಇನ್ನೊಂದು. ವರ್ಷಗಟ್ಟಲೆ ಮುಟ್ಟದ ಮರಳನ್ನು ಒಂದೇ ದಿನ ಕೆದಕಿದರೆ, ತಳದಲ್ಲಿ ಗಾಳಿಯಿಲ್ಲದೆ ಹುಟ್ಟಿದ ಕೊಳೆಮೊಟ್ಟೆ ವಾಸನೆಯ ಅನಿಲ ಎದ್ದು ಇಡೀ ತೊಟ್ಟಿಯನ್ನೇ ಮುಗಿಸೀತು.

ನೀರನ್ನು ಓಡಿಸುವ ಈ ಪ್ರಶ್ನೆ ದೊಡ್ಡವರನ್ನೂ ಬಿಟ್ಟದ್ದಲ್ಲ. 1987ರಲ್ಲಿ ಆಸ್ಟ್ರೇಲಿಯದ ಟೌನ್ಸ್‌ವಿಲ್ಲಿನಲ್ಲಿ ಸುಮಾರು 25 ಲಕ್ಷ ಲೀಟರಿನ ಹವಳದ ತೊಟ್ಟಿ ಜನರಿಗೆ ತೆರೆದಾಗ ಅದಕ್ಕೆ ಅಲೆ ಎಬ್ಬಿಸುವ ಯಂತ್ರವನ್ನೇ ಕೂರಿಸಿದ್ದರು. ನೀರಿನ ಸಾರ ಹೀರಲು ಪಾಚಿಯ ಹಾಸುಗಳನ್ನು ಬೆಳೆಸಿ, ಅದನ್ನು ಕೆರೆದು ತೆಗೆಯುವ ಏರ್ಪಾಡು ಮಾಡಿದ್ದರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಅವರ ಉಪಾಯ ಅದು. ನಮ್ಮ ನಾಲ್ಕಡಿ ತೊಟ್ಟಿಗೂ ಅದೇ ಎರಡು ಮಾತು: ನೀರು ಓಡಲಿ, ಕೊಳೆ ಹೊರಗೆ ಹೋಗಲಿ.

ಕರೆಂಟು ಹೋದ ರಾತ್ರಿ

ಜೂನ್ ತಿಂಗಳ ಗಾಳಿಮಳೆ. ಎಲ್ಲೋ ತಂತಿಯ ಮೇಲೆ ಮರ ಬಿತ್ತು. ಕರೆಂಟು ಹೋಯಿತು. ಮನೆಯವರು ಕ್ಯಾಂಡಲ್ ಹುಡುಕುತ್ತಿರುವಾಗ ತೊಟ್ಟಿಯೊಳಗೆ ಗಡಿಯಾರ ಶುರುವಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ ಸಮುದ್ರದ ನೀರು ಹಿಡಿಯುವುದು 7ಕ್ಕೂ ಕಡಿಮೆ. ರಾತ್ರಿ ಬೆಳಕಿಲ್ಲದ್ದರಿಂದ ಪಾಚಿಯೂ ಆಮ್ಲಜನಕ ಕೊಡುವುದಿಲ್ಲ, ಬದಲಿಗೆ ಅದೂ ಉಸಿರಾಡುತ್ತದೆ. ಮೀನು, ಬ್ಯಾಕ್ಟೀರಿಯಾ, ಹವಳ ಎಲ್ಲರೂ ಅದೇ ನೀರಿನಿಂದ ಎಳೆಯುವವರೇ. ಮೀನು ಮೇಲೆ ಬಂದು ಬಾಯಿ ತೆರೆಯತೊಡಗಿತೆಂದರೆ ಹೊತ್ತು ಮೀರುತ್ತಿದೆ ಎಂದೇ ಅರ್ಥ.

ಉಪಾಯ ದೊಡ್ಡದೇನಲ್ಲ. ಬ್ಯಾಟರಿಯ ಏರ್ ಪಂಪು ಒಂದನ್ನು ಸೆಲ್ ಹಾಕಿ ಸಿದ್ಧವಿಡುವುದು, ಇನ್ವರ್ಟರ್ ಇದ್ದರೆ ದೀಪ ಬಿಟ್ಟು ಒಳಗಿನ ಒಂದು ಸಣ್ಣ ಪಂಪಿಗೆ ಮಾತ್ರ ತಂತಿ ಎಳೆಯುವುದು. ಏನೂ ಇಲ್ಲದಿದ್ದರೆ ಚೊಂಬಿನಲ್ಲಿ ನೀರೆತ್ತಿ ಎತ್ತರದಿಂದ ಮತ್ತೆ ಅದಕ್ಕೇ ಸುರಿಯುವುದು. ಆ ಹೊತ್ತಿನಲ್ಲಿ ಆಹಾರ ಹಾಕಲೇಬಾರದು.

ಇನ್ನೊಂದು ಅಪಾಯ ನೆಲಕ್ಕೆ. ಪಂಪು ನಿಂತಕೂಡಲೇ ಮೇಲಕ್ಕೆ ಹೋಗುವ ಪೈಪು ಸೈಫನ್ ಆಗಿ ತಿರುಗಿ ನೀರನ್ನು ಕೆಳಗೆ ಎಳೆಯುತ್ತದೆ. ಮೇಲೆ ಹೇಳಿದ ನಾಲ್ಕಡಿ ತೊಟ್ಟಿಯಲ್ಲಿ ನೀರು ಒಂದು ಸೆಂಟಿಮೀಟರ್ ಇಳಿಯಿತೆಂದರೆ ಐದೂವರೆ ಲೀಟರಿಗೂ ಹೆಚ್ಚು. ಪೈಪಿನ ಬಾಯಿ ಐದು ಸೆಂಟಿಮೀಟರ್ ಆಳದಲ್ಲಿದ್ದರೆ ಕೆಳಗೆ ಬರುವುದು ಸುಮಾರು 28 ಲೀಟರ್. ಸಂಪಿನಲ್ಲಿ ಅಷ್ಟು ಜಾಗ ಖಾಲಿ ಇಲ್ಲದಿದ್ದರೆ ಉಪ್ಪುನೀರು ಚಾವಡಿಯ ನೆಲದಲ್ಲಿ! ಪೈಪಿಗೆ ನೀರಿನ ಮಟ್ಟದ ಹತ್ತಿರ ಸಣ್ಣ ತೂತು ಕೊರೆದರೆ, ಮಟ್ಟ ಇಳಿದಾಗ ಗಾಳಿ ನುಗ್ಗಿ ಸೈಫನ್ ಕಡಿಯುತ್ತದೆ. ತೂತು ಪಾಚಿ ಕಟ್ಟಿ ಮುಚ್ಚಿಹೋಗದಂತೆ ನೋಡಿಕೊಂಡರಾಯಿತು.

ಉಪ್ಪುನೀರು ಮತ್ತು ಕರೆಂಟು ಒಟ್ಟಿಗಿರುವ ಜಾಗದಲ್ಲಿ ಮನುಷ್ಯರ ಜೀವದ ಮಾತೂ ಇದೆ. ಪ್ಲಗ್ಗಿನ ಪಟ್ಟಿಯನ್ನು ತೊಟ್ಟಿಯ ಕೆಳಗೆ ಇಡಬಾರದು. ವಯರು ಪ್ಲಗ್ಗಿಗೆ ಏರುವ ಮೊದಲು ಒಮ್ಮೆ ಕೆಳಗೆ ಜೋತುಬಿದ್ದು ಏರಬೇಕು. ತೊಟ್ಟಿಕ್ಕುವ ನೀರು ಅಲ್ಲೇ ಬೀಳುತ್ತದೆ. ಲೈನಿಗೆ ಇ.ಎಲ್.ಸಿ.ಬಿ. ಹಾಕಿಸದೆ, ಅರ್ಥಿಂಗ್ ಸರಿಯಿಲ್ಲದೆ ಕೈ ಅದ್ದುವುದು ಶೂರತನವಲ್ಲ.

ಮಳೆಗಾಲದ ಕಡಲು ಕಡಲಲ್ಲ

"ಪಕ್ಕದಲ್ಲೇ ಕಡಲುಂಟು, ಕ್ಯಾನ್ ತುಂಬಿಸಿಕೊಂಡು ಬಂದರಾಯ್ತು" ಎಂಬುದು ಮಂಗಳೂರಿಗರ ಲೆಕ್ಕ. ಬೇಸಿಗೆಯಲ್ಲಿ ಅಳಿವೆ ಬಾಗಿಲಿನಿಂದ ದೂರ, ಬಂದರಿನಿಂದ ದೂರ, ದೋಣಿಯಲ್ಲಿ ಹೊರಗೆ ಹೋಗಿ ತಂದರೆ ನಡೆದೀತು. ಮಳೆಗಾಲದಲ್ಲಿ ಸಾಧ್ಯವೇ ಇಲ್ಲ. ನೇತ್ರಾವತಿಯೂ ಗುರುಪುರ ಹೊಳೆಯೂ ಒಂದೇ ಅಳಿವೆಯಲ್ಲಿ ಕಡಲು ಸೇರುವುದು. ಘಟ್ಟದ ಕೆಂಪು ನೀರು ಬಂದು ತೀರದ ಉಪ್ಪನ್ನೇ ತೊಳೆದುಬಿಡುತ್ತದೆ. ತೊಟ್ಟಿಗೆ ಬೇಕಾದದ್ದು ಲೀಟರಿಗೆ 35 ಗ್ರಾಂ ಉಪ್ಪು. ದಡದ ನೀರಿನಲ್ಲಿ ಆಗ ಅಷ್ಟಿರುವುದಿಲ್ಲ, ಬದಲಿಗೆ ಮಣ್ಣು, ಗೊಬ್ಬರ, ಚರಂಡಿ ಎಲ್ಲ ಇರುತ್ತದೆ.

ಹಾಗೆಂದು ಅಡಿಗೆ ಉಪ್ಪು ಕರಡಿದರೆ ಆಗುವುದಿಲ್ಲ. ಕಡಲುಪ್ಪಿನಲ್ಲಿ ಅಡಿಗೆ ಉಪ್ಪಿನ ಅಂಶ ನೂರಕ್ಕೆ ಸುಮಾರು 85. ಉಳಿದದ್ದು ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವು. ಅವಿಲ್ಲದೆ ಜೀವಿಗಳು ಬದುಕವು. ಅಂಗಡಿಯ ಅಕ್ವೇರಿಯಂ ಉಪ್ಪನ್ನು ಆರ್.ಓ. ನೀರಿನಲ್ಲಿ ಕರಗಿಸಿ, ಒಂದು ದಿನ ಪಂಪು ಬಿಟ್ಟು ತಿರುಗಿಸಿ, ಅಳೆದು ಹಾಕಬೇಕು. ವಾರದ 20 ಲೀಟರಿಗೆ ಮುಕ್ಕಾಲು ಕಿಲೋದಷ್ಟು ಉಪ್ಪು ಬೇಕು. ಕರಡಲು ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಅಜ್ಜನ ಕಾಲದ ತಾಮ್ರದ ಹಂಡೆ ಹೊಳೆಯುತ್ತಿದ್ದರೂ ಅದು ಬೇಡ. ತಾಮ್ರದ ಸೋಂಕು ಸಿಗಡಿ, ಬಸವನಹುಳು, ಹವಳಗಳಿಗೆ ಯಮ.

ಆವಿಯಾಗಿ ಹೋದ ನೀರಿಗೆ ಮಾತ್ರ ಸಿಹಿನೀರನ್ನೇ ತುಂಬಬೇಕು. ಉಪ್ಪು ಆವಿಯಾಗುವುದಿಲ್ಲ, ತೊಟ್ಟಿಯಲ್ಲೇ ಉಳಿದಿರುತ್ತದೆ. ಆವಿಗೂ ಉಪ್ಪುನೀರು ತುಂಬುತ್ತಾ ಹೋದರೆ ಕೊನೆಗೆ ಉಪ್ಪಿನಕಾಯಿ ಭರಣಿಯೇ ಆದೀತು.

ಚೆಲ್ಲುವ ಮೊದಲು ಒಂದು ಮಾತು

ಬದಲಿಸಿದ ನೀರನ್ನು ಹೆಚ್ಚಿನವರು ಚೆಲ್ಲುವುದು ಅಂಗಳದ ಚರಂಡಿಗೆ. ಚರಂಡಿ ತೋಡಿಗೆ, ತೋಡು ಹೊಳೆಗೆ, ಹೊಳೆ ಕಡಲಿಗೆ. ಬೇಸರ ಬಂದವರು ಮೀನು-ಪಾಚಿ ಸಮೇತ ಬೀಚಿಗೆ ಒಯ್ದು "ಪುಣ್ಯ ಬರ್ಲಿ" ಎಂದು ಬಿಡುವುದೂ ಉಂಟು. ಈ ಪುಣ್ಯದ ಫಲ ಏನೆಂದು ಮೆಡಿಟರೇನಿಯನ್ ಕಡಲಿನವರನ್ನು ಕೇಳಬೇಕು. 1984ರಲ್ಲಿ ಮೊನಾಕೋದ ಸಮುದ್ರ ವಸ್ತುಸಂಗ್ರಹಾಲಯದ ಬುಡದಲ್ಲಿ, ಕಡಲ ತಳದಲ್ಲಿ, ಒಂದು ಚದರ ಮೀಟರಿನಷ್ಟು ಹಸಿರು ಪಾಚಿ ಕಂಡಿತು. ಹೆಸರು ಕೌಲರ್ಪಾ ಟ್ಯಾಕ್ಸಿಫೋಲಿಯಾ. ಅಕ್ವೇರಿಯಂಗಳಲ್ಲಿ ಅಂದಕ್ಕೆಂದು ಬೆಳೆಸುತ್ತಿದ್ದ ತಳಿ. ಮುಂದೆ ಅದು ಫ್ರಾನ್ಸ್, ಇಟಲಿ, ಸ್ಪೇನ್, ಕ್ರೊವೇಷ್ಯಾ ತೀರಗಳಿಗೂ ಹಬ್ಬಿ ಅಲ್ಲಿಯ ಕಡಲಹುಲ್ಲನ್ನು ಮುಚ್ಚಿಹಾಕಿತು. 2000ದಲ್ಲಿ ಅದೇ ಪಾಚಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಂಡಾಗ ಅಲ್ಲಿಯವರು ತಡಮಾಡದೆ ಟಾರ್ಪಾಲು ಮುಚ್ಚಿ ಕ್ಲೋರಿನ್ ಹಾಕಿ ಕೊಂದರು. ಪೂರ್ತಿ ನಿರ್ನಾಮವಾಯಿತೆಂದು ಹೇಳಲು 2006 ಬರಬೇಕಾಯಿತು.

ಹಾಗಾಗಿ ತೊಟ್ಟಿಯ ನೀರಾಗಲಿ, ಕತ್ತರಿಸಿದ ಪಾಚಿಯಾಗಲಿ ಹೊಳೆಗೂ ಬೇಡ, ಬೀಚಿಗೂ ಬೇಡ. ಪಾಚಿಯನ್ನು ಬಿಸಿಲಲ್ಲಿ ಒಣಗಿಸಿ ಕಸಕ್ಕೆ ಹಾಕಬಹುದು. ನೀರನ್ನು ಶೌಚದ ಗುಂಡಿಗೆ ಹೋಗುವ ಪೈಪಿಗೆ ಸುರಿಯಬಹುದು. ತೆಂಗಿನ ಬುಡಕ್ಕೆ ಉಪ್ಪು ಒಳ್ಳೆಯದೆಂದು ವಾರವಾರ ಸುರಿದು ಬಾವಿಯ ನೀರನ್ನು ಉಪ್ಪು ಮಾಡಿಕೊಳ್ಳುವುದೂ ಬೇಡ. ಬೇಡವಾದ ಮೀನನ್ನು ಸಾಕುವ ಇನ್ನೊಬ್ಬರಿಗೆ ಕೊಡುವುದೇ ಸರಿ. ಸಂಶಯ ಬಂದರೆ ಕೇಳಲು ಊರಿನಲ್ಲೇ 1969ರಲ್ಲಿ ಶುರುವಾದ ಮೀನುಗಾರಿಕಾ ಕಾಲೇಜು ಇದೆ.

ಇಷ್ಟು ಓದಿದ ಮೇಲೂ ಕಡಲನ್ನು ಮನೆಗೆ ತರುವ ಆಸೆ ಉಳಿದಿದ್ದರೆ ಅಂಥವರು ತರಲಿ. ದಿನಕ್ಕೆ ಕಾಲು ಗಂಟೆ, ವಾರಕ್ಕೆ ಒಂದು ಹೊತ್ತು ಅದಕ್ಕೇ ಮೀಸಲಿಡಬೇಕು. ಉಪ್ಪು, ಕರೆಂಟು, ಆರ್.ಓ. ನೀರಿನ ಖರ್ಚನ್ನು ತೊಟ್ಟಿ ಕೊಳ್ಳುವ ಮೊದಲೇ ಮನೆಯಾಕೆಯ ಎದುರಿಗೆ ಕೂತು ಬರೆಯಬೇಕು. ನೋಡಿಕೊಳ್ಳುವ ಕೈ ಇಲ್ಲದ ತೊಟ್ಟಿಯಲ್ಲಿ ಸಾಯುವ ಜೀವಕ್ಕೆ ಕೂಗಲು ಬಾಯಿಲ್ಲ ಎಂಬುದೊಂದು ನೆನಪಿರಲಿ.

ಮತ್ತೆ, ಈ ಪಾಠ ಚಾವಡಿಗೆ ಮಾತ್ರವೇ? ಕಣ್ಣಿಗೆ ಕಾಣದ ಹಿಂದಿನ ಮೂಲೆಯಲ್ಲಿ ನೀರು ನಿಂತರೆ ಎದುರಿನ ಗಾಜು ಎಷ್ಟು ಹೊಳೆದರೂ ತೊಟ್ಟಿ ಕೆಡುತ್ತದೆ. ಊರಿನ ಮಾತೂ ಅಷ್ಟೆ. ಮುಖ್ಯ ರಸ್ತೆ ಗುಡಿಸಿ, ಹಿಂದಿನ ತೋಡಿನಲ್ಲಿ ಪ್ಲಾಸ್ಟಿಕ್ ಕಟ್ಟಿಕೊಳ್ಳಲು ಬಿಟ್ಟರೆ ಮೊದಲ ಮಳೆಗೇ ಗೊತ್ತಾಗುತ್ತದೆ. ಇನ್ನೂರು ಲೀಟರಿನ ತೊಟ್ಟಿಯಲ್ಲಿ ತಪ್ಪಿಗೆ ಶಿಕ್ಷೆ ಎರಡು ದಿನದಲ್ಲಿ ಸಿಗುತ್ತದೆ. ಕಡಲು ದೊಡ್ಡದು, ಅದು ತಡವಾಗಿ ಲೆಕ್ಕ ಕೇಳುತ್ತದೆ. ಆದರೆ ಕೇಳದೆ ಬಿಡುವುದಿಲ್ಲ.